ಆಯ್ದಕ್ಕಿ ಲಕ್ಕಮ್ಮನ ಎಚ್ಚರಿಕೆ ಮತ್ತು ಇಂದಿನ ತಾಯಿಯ ಬೇಸರ

12ನೆಯ ಶತಮಾನದ ಕಲ್ಯಾಣದಲ್ಲಿ ಮಹಾಮನೆಯ ಅಂಗಳಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಸುತ್ತಿದ್ದ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಥೆಯನ್ನು ಅರಿಯದ ಬಸವಭಕ್ತರು ವಿರಳ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಕಟ್ಟಿಕೊಂಡು ಮನೆಗೆ ಬಂದರು. ಗಂಟಿನ ತೂಕ ಕಂಡೊಡನೆ ಲಕ್ಕಮ್ಮನವರಿಗೆ ಸಂಶಯ ಬಂದಿತು. ಇಷ್ಟೊಂದು ಅಕ್ಕಿ ಹೇಗೆ ಬಂದಿತು, ಅಂದಂದಿನ ಕಾಯಕಕ್ಕೆ ಮೀರಿದ ಈ ಆಸೆ ಭಕ್ತರಿಗೆ ತಕ್ಕುದೇ ಎಂದು ಪತಿಯನ್ನು ನಿಲ್ಲಿಸಿ ಕೇಳಿದರು. ಹೆಚ್ಚಿನದನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಮರುಮಾತಾಡದೆ ಹಾಗೆಯೇ ಮಾಡಿದರು. ಇನ್ನೊಮ್ಮೆ ಅನುಭಾವದ ಮಾತಿನಲ್ಲಿ ಮೈಮರೆತಿದ್ದ ಪತಿಗೆ ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿ ಎಬ್ಬಿಸಿ ಕಳುಹಿಸಿದವರೂ ಲಕ್ಕಮ್ಮನವರೇ.

ಬಸವ ಜಯಂತಿಯ ವೇದಿಕೆಗಳಲ್ಲಿ ಈ ಪ್ರಸಂಗಕ್ಕೆ ಚಪ್ಪಾಳೆಯ ಮಳೆ ಸುರಿಯುತ್ತದೆ. ಹೀಗೆ ಚಪ್ಪಾಳೆ ತಟ್ಟಿದ ಸದ್ಭಕ್ತರು ಮನೆಗೆ ಮರಳಿದಾಗ ತಮ್ಮ ಮನೆಯ ಲಕ್ಕಮ್ಮ ಅದೇ ಬಗೆಯ ಪ್ರಶ್ನೆ ಕೇಳಿದರೆ ಏನಾಗುತ್ತದೆ? ಈ ಹಣ ಎಲ್ಲಿಂದ ಬಂತು, ಮಗನ ಕೈಗೆ ಇಡೀ ದಿನ ಮೊಬೈಲ್ ಕೊಟ್ಟವರು ಯಾರು, ಆ ಟಿ.ವಿ.ಯ ಕಿರಿಚಾಟವನ್ನು ನಿಲ್ಲಿಸಬಾರದೇ ಎಂದು ಆಕೆ ಕೇಳಿದರೆ ಸಿಗುವ ಉತ್ತರವೇನು? 'ಯಾವಾಗಲೂ ನಿನ್ನದು ಇದೇ ಗೊಣಗಾಟ', 'ಸುಮ್ಮನಿರು, ನಿನಗೇನು ತಿಳಿಯುತ್ತದೆ'. 12ನೆಯ ಶತಮಾನದಲ್ಲಿ ಅರಿವೆಂದು ಪೂಜೆಗೊಂಡ ಮಾತು 21ನೆಯ ಶತಮಾನದಲ್ಲಿ ಗೊಣಗಾಟವಾದದ್ದು ಹೇಗೆ? ಮಾತು ಬದಲಾಗಿದೆಯೋ, ಕೇಳುವ ಕಿವಿ ಬದಲಾಗಿದೆಯೋ?

ಮನೆಯ ತಾಯಿಯ ಬೇಸರವನ್ನು ಸ್ವಭಾವದೋಷವೆಂದು ತಳ್ಳಿಹಾಕುವ ರೂಢಿ ಶರಣಧರ್ಮಕ್ಕೆ ವಿರುದ್ಧವಾದುದು. ಆ ಬೇಸರದ ಬಹುಪಾಲು, ಮನೆಯ ಆಚಾರ ಎಲ್ಲಿ ತಪ್ಪಿದೆಯೆಂದು ಮೊದಲು ಕಂಡವಳ ಎಚ್ಚರಿಕೆಯೇ ಆಗಿದೆ. ಇದನ್ನು ಒಂದೊಂದಾಗಿ ವಿಚಾರಿಸಿ ನೋಡಬೇಕು.

ಕಾಯಕದ ಲೆಕ್ಕಕ್ಕೆ ಸಿಗದ ಕಾಯಕ

ಮನೆಯವರೆಲ್ಲರಿಗಿಂತ ಮೊದಲು ಏಳುವವಳು ತಾಯಿ. ಎಲ್ಲರೂ ಮಲಗಿದ ಮೇಲೆ ದೀಪ ಆರಿಸುವವಳೂ ಅವಳೇ. ರೊಟ್ಟಿ ಬಡಿದು, ಪಲ್ಯ ಮಾಡಿ, ಮಕ್ಕಳ ಡಬ್ಬಿ ಕಟ್ಟಿ, ಅತ್ತೆಯವರ ಮಾತ್ರೆ ಎಣಿಸಿಟ್ಟು, ನಲ್ಲಿಯ ನೀರು ಬರುವ ಹೊತ್ತನ್ನು ಕಾದು, ಬಟ್ಟೆ ಒಗೆದು, ನಡುವೆ ಸಿಕ್ಕ ಹತ್ತು ನಿಮಿಷದಲ್ಲಿ ಇಷ್ಟಲಿಂಗ ಪೂಜೆ ಮುಗಿಸುವ ತಾಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ಹೊರಗೆ ದುಡಿಯುವ ತಾಯಿಯಾದರೆ ಇಷ್ಟನ್ನೂ ಮಾಡಿಯೇ ಬಸ್ಸು ಹಿಡಿಯಬೇಕು. ಮನೆಯ ಯಜಮಾನರು ಮಾತ್ರ ನಿಶ್ಚಿಂತೆಯಿಂದ ಒಂದು ಗಂಟೆ ಲಿಂಗಪೂಜೆಗೆ ಕುಳಿತು, ಪತ್ರಿ ಎಲ್ಲಿ, ವಿಭೂತಿ ಎಲ್ಲಿ, ಮಜ್ಜನದ ನೀರು ಎಲ್ಲಿ ಎಂದು ಕುಳಿತಲ್ಲಿಂದಲೇ ಕೂಗುತ್ತಾರೆ. ಒಬ್ಬರ ಏಕಾಗ್ರತೆಗಾಗಿ ಇನ್ನೊಬ್ಬರು ಹತ್ತು ಸಲ ಎದ್ದು ಓಡಾಡಬೇಕಾದರೆ ಆ ಪೂಜೆಯ ಫಲ ಯಾರಿಗೆ ಸಲ್ಲಬೇಕು?

ಇದು ಭಾವುಕತೆಯ ಮಾತಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯು ಇದನ್ನು ಅಂಕಿಗಳಲ್ಲಿ ತೋರಿಸಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣುಮಕ್ಕಳು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಗಂಡಸರು ವ್ಯಯಿಸುತ್ತಿದ್ದುದು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ ಮಾತ್ರ. ಹಾಗೆ ಕೈ ಹಾಕಿದವರು ನೂರು ಗಂಡಸರಲ್ಲಿ ಸುಮಾರು 26 ಮಂದಿ. ಹೆಣ್ಣುಮಕ್ಕಳಲ್ಲಾದರೋ ನೂರರಲ್ಲಿ 81 ಮಂದಿ. ದಿನಕ್ಕೆ ಐದು ಗಂಟೆಯ ಈ ದುಡಿಮೆಗೆ ವಾರದ ರಜೆಯಿಲ್ಲ, ಹಬ್ಬದ ರಜೆಯಂತೂ ಇಲ್ಲವೇ ಇಲ್ಲ. ಹಬ್ಬ ಬಂದರೆ ಅದು ಇಮ್ಮಡಿಯಾಗುತ್ತದೆ.

ಶರಣರು ಯಾವ ಕಾಯಕವನ್ನೂ ಕೀಳೆನ್ನಲಿಲ್ಲ. ನೂಲುವ ಕದಿರ ರೆಮ್ಮವ್ವೆ, ಅಂಗಳ ಗುಡಿಸುವ ಸತ್ಯಕ್ಕ, ಧೂಪದ ಕಾಯಕದ ಗೊಗ್ಗವ್ವೆ ಇವರೆಲ್ಲರೂ ತಮ್ಮ ಕೈಕೆಲಸದಿಂದಲೇ ಗೌರವ ಪಡೆದರು. ಕಸ ಗುಡಿಸುವ ಕಾಯಕವನ್ನು ಕಲ್ಯಾಣ ಗೌರವಿಸಿತು. ಆದರೆ ಅದೇ ಕಸವನ್ನು ಮನೆಯಲ್ಲಿ ಗುಡಿಸುವವಳನ್ನು ಇಂದಿನ ಭಕ್ತರ ಮನೆ 'ಏನೂ ಕೆಲಸವಿಲ್ಲದೆ ಮನೆಯಲ್ಲಿರುವವಳು' ಎಂದು ಪರಿಚಯಿಸುತ್ತದೆ. ಕಾಯಕವೇ ಕೈಲಾಸವೆಂದು ಬಾಗಿಲ ಮೇಲೆ ಬರೆಸಿದ ಮನೆಗಳಲ್ಲೇ ಈ ಮಾತು ಕೇಳಿಬರುವುದು ಎಂತಹ ವಿಪರ್ಯಾಸ! ಗಂಡಸರು ರೊಟ್ಟಿ ಬಡಿದರೆ, ಪಾತ್ರೆ ತೊಳೆದರೆ ಅವರ ಲಿಂಗಾಂಗ ಸಾಮರಸ್ಯಕ್ಕೆ ಯಾವ ಊನವೂ ಬರಲಾರದು. ಕಟ್ಟಿಗೆ ಹೊತ್ತು ಮಾರಿದ ಮೋಳಿಗೆ ಮಾರಯ್ಯನವರಿಗೆ ಬಾರದ ಊನ ಹಾಲಿನ ಪಾತ್ರೆ ತೊಳೆದವರಿಗೆ ಬಂದೀತೇ?

ಮನೆಯೊಳಗೆ ಉಳಿದ ಸೂತಕ, ಪರದೆಯ ಮೇಲಿನ ಪಂಚಾಂಗ

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲವೆಂಬುದು ಧರ್ಮದ ಮೊದಲ ಪಾಠಗಳಲ್ಲೊಂದು. ಆದರೂ ತಿಂಗಳ ಮೂರು ದಿನ ಮಗಳನ್ನು ಮೂಲೆಯಲ್ಲಿ ಕೂರಿಸುವ, ಅವಳ ಕೊರಳಲ್ಲಿಯೇ ಇರುವ ಇಷ್ಟಲಿಂಗವನ್ನು ಮುಟ್ಟಬೇಡವೆನ್ನುವ ಲಿಂಗಾಯತ ಮನೆಗಳು ಇಂದಿಗೂ ಇವೆ. ಶಾಲೆಯಲ್ಲಿ ವಿಜ್ಞಾನವನ್ನೂ ಮಠದಲ್ಲಿ ವಚನವನ್ನೂ ಕಲಿತ ಆ ಮಗಳು ಬಂದು ಪ್ರಶ್ನಿಸುವುದು ತಾಯಿಯನ್ನು. ಅತ್ತ ಹಿರಿಯರ ಕಟ್ಟಳೆ, ಇತ್ತ ಮಗಳ ನ್ಯಾಯವಾದ ಪ್ರಶ್ನೆ. ಎರಡರ ನಡುವೆ ಸಿಕ್ಕಿ ನಲುಗುವವಳು ತಾಯಿ. ಆಗ ಯಜಮಾನರು 'ಇದೆಲ್ಲ ಹೆಂಗಸರ ವಿಷಯ' ಎಂದು ವೃತ್ತಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತಾರೆ. ಸೂತಕದ ನಿರಾಕರಣೆ ಹೆಂಗಸರ ವಿಷಯವಾಗಿದ್ದರೆ ಬಸವಾದಿ ಪ್ರಮಥರು ಅದಕ್ಕಾಗಿ ಅಷ್ಟೊಂದು ವಚನಗಳನ್ನು ನುಡಿಯುವ ಅಗತ್ಯವಿರಲಿಲ್ಲ.

ಈ ಗೊಂದಲಕ್ಕೆ ಎಣ್ಣೆ ಎರೆಯುವುದು ಟಿ.ವಿ. ಬೆಳಗಿನ ಹೊತ್ತು ಯಾವ ಚಾನೆಲ್ ಹಾಕಿದರೂ ರಾಶಿಫಲ, ರಾಹುಕಾಲ, ಗ್ರಹದೋಷ, ಅದರ ಶಾಂತಿಗೆ ಹರಳಿನ ಉಂಗುರ. ಶುಭದಿನ, ಶುಭಲಗ್ನಗಳ ಹಂಗನ್ನು ಹರಿದೊಗೆದ ಧರ್ಮದ ಮಕ್ಕಳು ಹಣೆಗೆ ವಿಭೂತಿ ಧರಿಸಿ, ಪರದೆಯ ಮುಂದೆ ಕುಳಿತು ಇಂದು ಯಾವ ಬಣ್ಣದ ಬಟ್ಟೆ ತೊಡಬೇಕೆಂದು ಕೇಳಿಕೊಳ್ಳುತ್ತಾರೆ. ಸಂಜೆಯಾದರೆ ಧಾರಾವಾಹಿ. ಅದರಲ್ಲಿ ಅತ್ತೆ ಸೊಸೆಗೆ ವಿಷ ಹಾಕುತ್ತಾಳೆ, ಸೊಸೆ ಮಂತ್ರವಾದಿಯ ಬಳಿಗೆ ಹೋಗುತ್ತಾಳೆ, ಒಳ್ಳೆಯವಳು ಎಷ್ಟು ಹೊಡೆಸಿಕೊಂಡರೂ ತುಟಿ ಬಿಚ್ಚುವುದಿಲ್ಲ. ಮೌನವಾಗಿ ಸಹಿಸುವವಳೇ ಒಳ್ಳೆಯ ಹೆಣ್ಣು, ಪ್ರಶ್ನಿಸುವವಳು ಮನೆಮುರುಕಿ ಎಂಬ ಪಾಠವನ್ನು ರಾತ್ರಿಯಿಂದ ರಾತ್ರಿಗೆ ಮನೆಯ ನಡುಮನೆಗೆ ತಂದು ಸುರಿಯಲಾಗುತ್ತದೆ. ಆ ಪಾಠದ ಪ್ರಕಾರ ಅಳೆದರೆ ಲಕ್ಕಮ್ಮನವರೂ ಮನೆಮುರುಕಿಯೇ, ಅಕ್ಕಮಹಾದೇವಿಯೂ ಮನೆಮುರುಕಿಯೇ!

ಧಾರಾವಾಹಿಯನ್ನು ಹೆಂಗಸರ ದೌರ್ಬಲ್ಯವೆಂದು ನಗುವ ಗಂಡಸರು ಮರುಗಂಟೆಯಲ್ಲಿ ತಾವು ನೋಡುವ ಸುದ್ದಿ ಚರ್ಚೆಯನ್ನು ಮರೆಯುತ್ತಾರೆ. ಆರು ಚೌಕಗಳಲ್ಲಿ ಆರು ಮುಖಗಳು ಏಕಕಾಲದಲ್ಲಿ ಅರಚುವ ಆ ಚರ್ಚೆಗೂ ಧಾರಾವಾಹಿಗೂ ಇರುವ ವ್ಯತ್ಯಾಸವೆಂದರೆ ಸೀರೆಯ ಬದಲು ಕೋಟು, ಅಷ್ಟೇ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುವುದು ಅನುಭವ ಮಂಟಪದ ಮರ್ಯಾದೆಯಾಗಿತ್ತು. ಆ ಪರಂಪರೆಯ ವಾರಸುದಾರರ ಮನೆಯಲ್ಲಿ ಹಗೆಯ ಮಾತು ಊಟದ ತಟ್ಟೆಯ ಪಕ್ಕದಲ್ಲಿ ಬಡಿಸಲ್ಪಡುತ್ತಿರುವಾಗ, 'ಮಕ್ಕಳು ಉಣ್ಣುತ್ತಿವೆ, ಅದನ್ನು ಆರಿಸಿ' ಎಂದು ಹೇಳುವ ತಾಯಿ ಪ್ರಸಾದದ ಪಾವಿತ್ರ್ಯವನ್ನು ಕಾಯುತ್ತಿದ್ದಾಳೆ.

ಮೊಬೈಲಿನ ಕಥೆ ಇನ್ನೂ ಕಠಿಣ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. ಅದರೊಳಗೆ ರೀಲ್ಸ್ ಬಂತು, ಹಣ ಕಟ್ಟಿ ಆಡುವ ಆಟ ಬಂತು, ಸಾಲ ಬಂತು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಮಗನ ಮುಖ ಕಳೆಗುಂದಿದ್ದನ್ನು, ಪೆಟ್ಟಿಗೆಯ ಹಣ ಕರಗಿದ್ದನ್ನು ಕಂಡು ಹೇಳಿದವರು ಮನೆಗಳ ತಾಯಂದಿರು. ಅಂದು ಅವರಿಗೆ ಸಿಕ್ಕ ಉತ್ತರ, 'ಕಾಲ ಬದಲಾಗಿದೆ, ನಿನಗೆ ಅರ್ಥವಾಗುವುದಿಲ್ಲ' ಎಂಬುದು. ಕೆಟ್ಟ ಮೇಲೆ ಸಿಕ್ಕ ಮಾತು, 'ಮಕ್ಕಳನ್ನು ನೋಡಿಕೊಳ್ಳಲು ನಿನಗೆ ಬರಲಿಲ್ಲ' ಎಂಬುದು. ಎಚ್ಚರಿಸಿದಾಗ ಅಧಿಕಾರವಿಲ್ಲದವಳಿಗೆ ಕೆಟ್ಟಾಗ ಮಾತ್ರ ಹೊಣೆ ಹೊರಿಸುವುದು ಯಾವ ನ್ಯಾಯ?

ಫಲಾನುಭವಿಯೇ, ಪ್ರಜೆಯೇ?

ರಾಜಕಾರಣಕ್ಕೆ ಬಂದರೆ ತಾಯಿಯ ಹೆಸರಿಲ್ಲದೆ ಭಾಷಣ ಮುಗಿಯುವುದಿಲ್ಲ. ಮಾತೆಯರೇ ಎಂದು ಆರಂಭಿಸಿ ಕೈ ಮುಗಿದು ಇಳಿದವರು ಐದು ವರ್ಷ ಆ ಬೀದಿಯತ್ತ ತಲೆ ಹಾಕುವುದಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿ, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಗೊತ್ತುಪಡಿಸಿತು. ಯೋಜನೆಯನ್ನು ತಂದವರು ತಾಯಂದಿರನ್ನು ಫಲಾನುಭವಿಗಳೆಂದು ಎಣಿಸಿದರು. ಎದುರು ನಿಂತವರು ಬಿಟ್ಟಿ ಭಾಗ್ಯವೆಂದು ಹಂಗಿಸಿದರು. ಹೆಣ್ಣುಮಕ್ಕಳು ಸೋಮಾರಿಗಳಾದರೆಂದು ಹರಟೆಕಟ್ಟೆಗಳಲ್ಲಿ ನಕ್ಕವರೂ ಉಂಟು. ಮೇಲೆ ಹೇಳಿದ 299 ನಿಮಿಷಗಳನ್ನು ತಿಂಗಳಿಗೆ ಗುಣಿಸಿದರೆ ಸುಮಾರು 150 ಗಂಟೆಗಳಾಗುತ್ತವೆ. 2000 ರೂಪಾಯಿಯನ್ನು ಅದಕ್ಕೆ ಹಂಚಿದರೆ ಗಂಟೆಗೆ 13 ರೂಪಾಯಿ ಚಿಲ್ಲರೆ. ಇಷ್ಟನ್ನು ಬಿಟ್ಟಿಯೆನ್ನುವ ನಾಲಿಗೆ, ಆ 150 ಗಂಟೆಗಳ ದುಡಿಮೆಯನ್ನು ತಲೆತಲಾಂತರದಿಂದ ಬಿಟ್ಟಿಯಾಗಿ ಉಂಡ ನಾಲಿಗೆಯೇ ಅಲ್ಲವೇ? ಹಾಗೆಂದು ಹಣ ಕೊಟ್ಟೊಡನೆ ಋಣ ತೀರಿತೆಂದು ಆಳುವವರು ಬೀಗುವುದೂ ಸಲ್ಲದು. ತಾಯಿ ಕೇಳುವುದು ಹಣವನ್ನಷ್ಟೇ ಅಲ್ಲ. ಬೀದಿಯ ನಲ್ಲಿಗೆ ನೀರನ್ನು, ಸರ್ಕಾರಿ ಶಾಲೆಗೆ ಶಿಕ್ಷಕರನ್ನು, ಊರಿನೊಳಗಿನ ಮದ್ಯದಂಗಡಿಗೆ ಬೀಗವನ್ನು.

ಕೇಳುವ ಪೀಠದ ಮೇಲಾದರೂ ಆಕೆ ಇದ್ದಾಳೆಯೇ? 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ಆಯ್ಕೆಯಾದ ಮಹಿಳೆಯರು ಕೇವಲ 10 ಮಂದಿ. ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದರೂ ಎಷ್ಟೋ ಊರುಗಳಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಪತಿರಾಯರ ಕುರ್ಚಿ ಬೀಳುತ್ತದೆ; ಸಹಿ ಆಕೆಯದು, ತೀರ್ಮಾನ ಆತನದು. ಹನ್ನೆರಡನೆಯ ಶತಮಾನದಲ್ಲಿಯೇ 30ಕ್ಕೂ ಹೆಚ್ಚು ವಚನಕಾರ್ತಿಯರನ್ನು ಕಂಡ ನಾಡಿನ ಸ್ಥಿತಿ ಇದು.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ವೇದಿಕೆಯಿಂದ ವೇದಿಕೆಗೆ ವಾದ ನಡೆಯಿತು. ವಾಟ್ಸ್‌ಆ್ಯಪ್‌ನಲ್ಲಿ ಆಜ್ಞೆಗಳು ಹರಿದಾಡಿದವು. ಆ ವೇದಿಕೆಗಳ ಮೇಲೆ ಮಾತಾಡಿದವರಲ್ಲಿ ಬಹುತೇಕರು ಗಂಡಸರು. ಗಣತಿಗೆ ಬಂದ ಶಿಕ್ಷಕರು ಹಗಲು ಹೊತ್ತು ಬಾಗಿಲು ತಟ್ಟಿದಾಗ, ಒಲೆಯ ಮೇಲಿನ ಸಾರು ಇಳಿಸಿಟ್ಟು ಬಂದು 60 ಪ್ರಶ್ನೆಗಳಿಗೆ ಉತ್ತರ ಹೇಳಲು ನಿಂತವರು ಎಷ್ಟೋ ಮನೆಗಳಲ್ಲಿ ತಾಯಂದಿರು. ಯಾವುದನ್ನು ಬರೆಸಬೇಕೆಂದು ಅವರಿಗೆ ಹೇಳಿದವರು ಹಲವರು. ನಿನ್ನ ಅಭಿಪ್ರಾಯವೇನೆಂದು ಕೇಳಿದವರು ಎಷ್ಟು ಮಂದಿ? ಕೊರಳಲ್ಲಿ ಲಿಂಗವಿರುವ ಆಕೆಗೆ ತನ್ನ ಧರ್ಮ ಯಾವುದೆಂದು ತಿಳಿಯದೇ?

ಇನ್ನು ಮತದ ಮಾರಾಟ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲ ಸಂದಿಯಿಂದ ಬರುವ ನೋಟು, ಅದಕ್ಕೂ ಮುನ್ನ ಬರುವ ಕುಕ್ಕರ್, ಸೀರೆ ಯಾರಿಗೂ ಹೊಸತಲ್ಲ. ಲಂಚಕ್ಕೆ ಕೈಯೊಡ್ಡೆನೆಂದು, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನೆಂದು ವ್ರತ ತೊಟ್ಟ ಸತ್ಯಕ್ಕನ ಮತಸ್ಥರೇ ಇದನ್ನು ಪ್ರಸಾದವೆಂಬಂತೆ ಸ್ವೀಕರಿಸುತ್ತಾರೆ. 'ಇದನ್ನು ತಂದವರಿಗೇ ಹಿಂತಿರುಗಿಸಿ' ಎಂದು ಹೆಂಡತಿ ಹೇಳಿದರೆ, 'ಎಲ್ಲರೂ ತೆಗೆದುಕೊಳ್ಳುತ್ತಾರೆ, ಇವಳೊಬ್ಬಳು ಸತ್ಯವಂತೆ' ಎಂಬ ಹೀಯಾಳಿಕೆ. ಮಾರಯ್ಯನವರ ಗಂಟಿನಲ್ಲಿದ್ದ ಹೆಚ್ಚಿನ ಅಕ್ಕಿಗೂ ಈ ನೋಟಿಗೂ ಏನು ಭೇದ? ಭೇದವೊಂದೇ: ಮಾರಯ್ಯನವರು ಹೆಂಡತಿಯ ಮಾತು ಕೇಳಿ ಹಿಂದಿರುಗಿಸಿ ಬಂದರು. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ಭಕ್ತಕೋಟಿ ಸಂಭ್ರಮಿಸಿತು. ಸಂಭ್ರಮ ಯೋಗ್ಯವೇ. ಆದರೆ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರವಿದ್ದು, ಅದರ ಕೆಳಗಿನ ಮೇಜಿನ ಮೇಲೆ ಕೈಬಿಸಿ ಮಾಡದೆ ಕಡತ ಅಲುಗದಿದ್ದರೆ ಆ ಗೌರವ ಸಂದದ್ದು ಚಿತ್ರಕ್ಕೇ ಹೊರತು ಬಸವಣ್ಣನವರಿಗಲ್ಲ.

ಸಹನೆಯ ಹೆಸರಿನ ಬಾಯಿಬೀಗ

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಕೋಪ ಮೊದಲು ತನ್ನನ್ನೇ ಸುಡುತ್ತದೆಂದು ಬಸವಣ್ಣನವರೇ ಎಚ್ಚರಿಸಿಲ್ಲವೇ? ಮೃದು ನುಡಿಯನ್ನೇ ಜಪತಪಗಳೆಂದು ಸಾರಲಿಲ್ಲವೇ? ತಾಯಿಯಾದವಳು ಭೂಮಿಯಂತೆ ತಾಳ್ಮೆ ತಾಳಬೇಡವೇ?

ಆಕ್ಷೇಪದಲ್ಲಿ ಹುರುಳಿದೆ. ಬೇಸರವೆಲ್ಲವೂ ಅರಿವಲ್ಲ. ದಣಿದ ತಾಯಿಯೂ ಒಮ್ಮೊಮ್ಮೆ ತಪ್ಪಿಲ್ಲದ ಮಗುವಿನ ಬೆನ್ನಿಗೆ ಬಾರಿಸುತ್ತಾಳೆ, ಸೊಸೆಯ ಮೇಲೆ ಹರಿಹಾಯುತ್ತಾಳೆ. ಅದು ಲಕ್ಕಮ್ಮನ ಹಾದಿಯಲ್ಲ. ಆದರೆ ಬಸವಣ್ಣನವರು ಕೋಪದ ಮಾತನ್ನು ಆಡಿದ್ದು ಪ್ರತಿಯೊಬ್ಬರೂ ತಮ್ಮ ಮನವನ್ನು ತಾವು ತಿದ್ದಿಕೊಳ್ಳಲೆಂದು. ಅದನ್ನು ಇನ್ನೊಬ್ಬರ ಬಾಯಿಗೆ ಬೀಗವಾಗಿ ಬಳಸುವುದು ವಚನಕ್ಕೆ ಮಾಡುವ ಅಪಚಾರ. ತನ್ನ ತಪ್ಪನ್ನು ತೋರಿಸಿದವಳಿಗೆ ಸಹನೆಯ ವಚನ ಹೇಳುವ ಗಂಡ, ಆ ವಚನವನ್ನು ಮೊದಲು ತನಗೆ ಹೇಳಿಕೊಳ್ಳಬೇಕಿತ್ತು. ಅಹಂಕಾರಕ್ಕೆ ಪೆಟ್ಟು ಬಿದ್ದಾಗ ಹುಟ್ಟುವುದು ಕೋಪ; ಆಚಾರಕ್ಕೆ ಪೆಟ್ಟು ಬಿದ್ದಾಗ ಹುಟ್ಟುವುದು ಎಚ್ಚರಿಕೆ. ಕೈಲಾಸವನ್ನು ಬಯಸಿದ ಮೋಳಿಗೆ ಮಾರಯ್ಯನವರನ್ನು ಪತ್ನಿ ಮಹಾದೇವಮ್ಮನವರು ತಡೆದು, ಇಲ್ಲಿರುವುದನ್ನು ಬಿಟ್ಟು ಬೇರೆಲ್ಲಿಯ ಕೈಲಾಸವೆಂದು ಪ್ರಶ್ನಿಸಿದರು. ಆಗ ಮಾರಯ್ಯನವರು ಆಕೆಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ತಮ್ಮ ಅರಿವನ್ನು ತಿದ್ದಿಕೊಂಡರು. ಶರಣರ ದಾಂಪತ್ಯದ ಹಿರಿಮೆ ಹೆಂಡತಿಯ ಸಹನೆಯಲ್ಲಿ ಎಷ್ಟಿದೆಯೋ ಗಂಡನ ಕೇಳುವ ಗುಣದಲ್ಲಿಯೂ ಅಷ್ಟೇ ಇದೆ. ಪ್ರವಚನಕಾರರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುತ್ತಾ ಬಂದಿದ್ದಾರೆ.

ಈ ಮಾತಿನಿಂದ ಮಠಗಳೂ ಹೊರತಲ್ಲ. ಶ್ರಾವಣ ಮಾಸದ ಪ್ರವಚನ ಸಂಜೆ ನಡೆಯುತ್ತದೆ. ಆ ಹೊತ್ತಿಗೆ ಅನೇಕ ತಾಯಂದಿರು ಮನೆಯ ಒಲೆಯ ಮುಂದೆ ಇರುತ್ತಾರೆ. ಮಠಕ್ಕೆ ಬಂದವರಲ್ಲಿ ಕೆಲವರು ದಾಸೋಹದ ಅಡುಗೆಮನೆಯಲ್ಲಿ ಇರುತ್ತಾರೆ. ಅಕ್ಕನ ವಚನದ ವ್ಯಾಖ್ಯಾನ ಸಭೆಯಲ್ಲಿ ನಡೆಯುವಾಗ ಅಕ್ಕನ ಬಳಗದವರು ಒಳಗೆ ಚಪಾತಿ ಲಟ್ಟಿಸುತ್ತಿರುವುದು ತೀರ ಅಪರೂಪದ ದೃಶ್ಯವೇನಲ್ಲ. ಕೇಳಲು ಸಿಗದ ಅನುಭಾವದಿಂದ ಅವರಿಗೇನು ಲಾಭ? ಅವರಿಲ್ಲದ ಸಭೆಗಾದರೂ ಏನು ಲಾಭ?

ಆಗಬೇಕಾದುದು

ಸದ್ಭಕ್ತರು ಇಂದಿನಿಂದಲೇ ಮಾಡಬಹುದಾದ ಕಾರ್ಯಗಳು ದೊಡ್ಡವೇನಲ್ಲ. ಮನೆಯಲ್ಲಿ ತಾಯಿಯ ಲಿಂಗಪೂಜೆಗೂ ಒಂದು ನಿಶ್ಚಿತ ಹೊತ್ತಿರಲಿ. ಆ ಹೊತ್ತಿನಲ್ಲಿ ಒಲೆಯ ಮುಂದೆ ಗಂಡನಾಗಲಿ ಮಗನಾಗಲಿ ನಿಲ್ಲಲಿ. ಮಗಳಿಗೆ ಕಲಿಸಿದ ಅಡುಗೆಯನ್ನು ಮಗನಿಗೂ ಕಲಿಸಲಿ. ಉಣ್ಣುವಾಗ ಟಿ.ವಿ., ಮೊಬೈಲು ಎರಡೂ ಮೌನವಾಗಿರಲಿ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಪೂಜೆಯಿಂದ ದೂರವಿಡುವ ಅಶರಣ ಪದ್ಧತಿಯನ್ನು ಮನೆಯ ಗಂಡಸರೇ ಮುಂದಾಗಿ ನಿಲ್ಲಿಸಲಿ. ಮತಕ್ಕೆ ಹಣ ಬಂದರೆ ತಂದವರ ಕೈಗೇ ಮರಳಲಿ. ಮಾಸಿಕ ಶಿವಾನುಭವ ಗೋಷ್ಠಿಯು ತಾಯಂದಿರಿಗೆ ಬಿಡುವಿರುವ ಹೊತ್ತಿಗೆ ನಡೆಯಲಿ. ಅಂದಿನ ದಾಸೋಹದ ಅಡುಗೆಯನ್ನು ಗಂಡಸರು ವಹಿಸಿಕೊಳ್ಳಲಿ. ಪ್ರಶ್ನೆ ಕೇಳುವ ಮೊದಲ ಅವಕಾಶ ತಾಯಂದಿರಿಗೆ ಸಿಗಲಿ.

ಎಲ್ಲಕ್ಕಿಂತ ಮೊದಲು, ಆಕೆ ಬೇಸರದಿಂದ ಒಂದು ಮಾತಾಡಿದಾಗ ಉತ್ತರಿಸುವ ಮುನ್ನ ಆ ಮಾತು ನಿಜವೇ ಎಂದು ಭಕ್ತರು ಒಮ್ಮೆ ನೋಡಿಕೊಳ್ಳಲಿ. ನಿಜವಾಗಿದ್ದರೆ ಮಾರಯ್ಯನವರಂತೆ ಎದ್ದು ಗಂಟನ್ನು ಹಿಂದಿರುಗಿಸಿ ಬರುವುದೇ ಭಕ್ತಿ. ನಿಜವಲ್ಲದಿದ್ದರೆ ಆಕೆಯ ದಣಿವಿಗೆ ಕಾರಣವನ್ನು ಹುಡುಕಿ ಅದನ್ನು ಹಂಚಿಕೊಳ್ಳುವುದೂ ದಾಸೋಹವೇ. ಲಕ್ಕಮ್ಮನವರ ಭಾವಚಿತ್ರಕ್ಕೆ ಹಾರ ಹಾಕುವ ಕೈಗಳು ಅಷ್ಟನ್ನಾದರೂ ಮಾಡದಿದ್ದರೆ, ಆ ಹಾರದ ಹೂವು ವ್ಯರ್ಥ.